ಮನೆಯಲ್ಲಿ ಕಟ್ಟಿದ ಇಯರ್‌ಫೋನ್ ಕೇಬಲ್: ದೋಷ ಹುಡುಕುವುದು ಹೇಗೆ, ಪ್ಲಗ್ ಮತ್ತು ಸೋಲ್ಡರ್ ಯಾವುದು

ಇಯರ್‌ಫೋನ್ ಒಂದು ಕಿವಿಯಲ್ಲಿ ನಿಂತ ಕೂಡಲೇ ಎಲ್ಲರೂ ಅನುಮಾನ ಪಡುವುದು ವೈರಿನ ಮೇಲೆ. ಬೇರೆ ವೈರು ತರಿಸುತ್ತಾರೆ, ಇನ್ನೂ ದುಬಾರಿಯದ್ದು, ಬೆಳ್ಳಿ ಲೇಪದ್ದು. ಅದನ್ನು ಹಳೇ ಪ್ಲಗ್‌ಗೆ ಹಳೇ ಸೋಲ್ಡರ್‌ನಲ್ಲೇ (ಕರಗಿಸಿ ಬೆಸೆಯುವ ತವರದ ತಂತಿ) ಹಚ್ಚುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ಮನೆಯಲ್ಲಿ ಕಟ್ಟಿದ ಕೇಬಲ್‌ನಲ್ಲಿ ದೋಷ ಕೂತಿರುವುದು ಹೆಚ್ಚಾಗಿ ತುದಿಯಲ್ಲಿ: ಪ್ಲಗ್ ಒಳಗೆ, ಬೆಸುಗೆಯಲ್ಲಿ, ಇಲ್ಲವೇ ಪ್ಲಗ್‌ನಿಂದ ವೈರು ಹೊರಬರುವ ಒಂದೆರಡು ಸೆಂಟಿಮೀಟರ್ ಜಾಗದಲ್ಲಿ. ನಡುವಿನ ಒಂದು ಮೀಟರ್ ವೈರು ಪಾಪ, ಸುಮ್ನೆ ಬೈಸಿಕೊಳ್ಳುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಇನ್ನೂ ಕೆಲವು ಕಾರಣ ಸೇರುತ್ತವೆ. ಕಾರವಾರದಿಂದ ಭಟ್ಕಳದವರೆಗೆ ಉಪ್ಪಿನ ಗಾಳಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಳೆಗಾಲದ ತೇವ, ಜೊತೆಗೆ ಆಗಾಗ ಇಳಿಯುವ ವೋಲ್ಟೇಜ್. ಒಣ ಊರಿನಲ್ಲಿ ವರ್ಷಗಟ್ಟಲೆ ಬಾಳುವ ಬೆಸುಗೆ ಇಲ್ಲಿ ಒಂದು ಮಳೆಗಾಲ ದಾಟುವುದೂ ಕಷ್ಟ. ಹಾಗಾಗಿ ನಾವು ಪ್ಲಗ್ ಮತ್ತು ಸೋಲ್ಡರ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ತೇವವನ್ನು ಅದು ತಡೆಯುತ್ತದಾ ಅನ್ನುವುದು. ಚಿನ್ನ ಬೆಳ್ಳಿಯ ಮಾತು ಆಮೇಲೆ.

ಆದರೆ ಏನನ್ನಾದರೂ ಕೊಳ್ಳುವ ಮೊದಲು, ಕತ್ತರಿ ಹಿಡಿಯುವ ಮೊದಲು, ದೋಷ ಎಲ್ಲಿದೆ ಅಂತ ಗೊತ್ತಾಗಬೇಕು.

ಮೊದಲು ಫೋನ್ ನೋಡಿ

ಬೇರೊಂದು ಇಯರ್‌ಫೋನ್ ಅದೇ ಫೋನಿಗೆ ಚುಚ್ಚಿ. ಅದರಲ್ಲೂ ತೊಂದರೆ ಇದ್ದರೆ ನಿಮ್ಮ ಕೇಬಲ್ ತಪ್ಪಲ್ಲ. ಜೇಬಿನ ಹತ್ತಿಯಂಥ ಕಸ, ಸಮುದ್ರ ದಂಡೆಯ ಸಣ್ಣ ಮರಳು ಸಾಕೆಟ್‌ನ ತಳದಲ್ಲಿ ಒತ್ತಿ ಕೂತಿರುತ್ತದೆ. ಪ್ಲಗ್ ಕೊನೆಯ ಒಂದು ಮಿಲಿಮೀಟರ್ ಒಳಗೆ ಹೋಗುವುದೇ ಇಲ್ಲ. ಫೋನ್ ಆಫ್ ಮಾಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಪಿನ್ನು ಬೇಡ. ಒಳಗಿನ ಸ್ಪ್ರಿಂಗ್ ಬಾಗಿದರೆ ಆಮೇಲೆ ಫೋನನ್ನೇ ಬಿಚ್ಚಬೇಕಾಗುತ್ತದೆ. ಫೋನಿನ ಕವರ್ ತೆಗೆದೂ ಒಮ್ಮೆ ಚುಚ್ಚಿ ನೋಡಿ. ದಪ್ಪ ಬ್ಯಾರೆಲ್‌ನ (ಹೊರ ಕವಚದ) ಪ್ಲಗ್ ಕವರ್‌ಗೆ ತಾಗಿ ಅರ್ಧಕ್ಕೇ ನಿಲ್ಲುವುದು ಬಹಳ ಸಾಮಾನ್ಯ.

ಕಿವಿಯೇ ಅರ್ಧ ದಾರಿ ತೋರಿಸುತ್ತದೆ

3.5 ಮಿ.ಮೀ. ಸ್ಟೀರಿಯೋ ಪ್ಲಗ್‌ನಲ್ಲಿ ಮೂರು ಭಾಗ. ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡ ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ಮೈಕ್ ಇರುವ ಪ್ಲಗ್‌ನಲ್ಲಿ ಇನ್ನೊಂದು ಉಂಗುರ ಜಾಸ್ತಿ. ಈಗಿನ ಫೋನ್‌ಗಳಲ್ಲಿ ಬಹುಪಾಲು ಸಿಟಿಐಎ ಕ್ರಮವೇ ಇದೆ: ತುದಿ ಎಡ, ಮೊದಲ ಉಂಗುರ ಬಲ, ಎರಡನೇ ಉಂಗುರ ಗ್ರೌಂಡ್, ಬುಡ ಮೈಕ್. ಹಳೆಯ ಒಎಂಟಿಪಿ ಕ್ರಮದಲ್ಲಿ ಕೊನೆಯ ಎರಡು ಅದಲುಬದಲು. ಇದಿಷ್ಟು ನೆನಪಿಟ್ಟುಕೊಂಡರೆ ಕೇಳಿಸುವ ಶಬ್ದದಿಂದಲೇ ದೋಷದ ಜಾಗ ಊಹಿಸಬಹುದು.

ಎಡ ಮಾತ್ರ ಸತ್ತಿದ್ದರೆ ತುದಿಯ ಬೆಸುಗೆ ಅಥವಾ ಎಡ ಕಿವಿಯ ಕಡೆಯ ಬೆಸುಗೆ. ಬಲ ಮಾತ್ರ ಸತ್ತಿದ್ದರೆ ಉಂಗುರ. ಎರಡೂ ಕಿವಿಯಲ್ಲಿ ಶಬ್ದ ಬರುತ್ತಿದೆ, ಆದರೆ ಎಲ್ಲವೂ ತಲೆಯ ನಡುವೆಯೇ ಕೂತಂತಿದೆ, ಎಡ ಬಲ ಬೇರೆ ಅನ್ನಿಸುವುದಿಲ್ಲ ಅಂದರೆ ತುದಿ ಮತ್ತು ಉಂಗುರದ ಎಳೆಗಳು ಒಂದಕ್ಕೊಂದು ತಾಗಿವೆ.

ಜನರನ್ನು ಹೆಚ್ಚು ದಾರಿ ತಪ್ಪಿಸುವುದು ಇನ್ನೊಂದು ಲಕ್ಷಣ. ಶಿರಸಿ ಕಡೆಯ ಹಿರಿಯರೊಬ್ಬರು ಯಕ್ಷಗಾನದ ರೆಕಾರ್ಡಿಂಗ್ ಕೇಳಲು ಕಟ್ಟಿಸಿಕೊಂಡ ಕೇಬಲ್ ತಂದು, "ತಮಾ, ಚಂಡೆ ಕೇಳ್ತು, ಭಾಗವತ್ರ ಸ್ವರವೇ ಇಲ್ಲೆ" ಅಂದಿದ್ದರು. ಅವರ ಮಾತು ಅಕ್ಷರಶಃ ಸರಿ. ಗ್ರೌಂಡ್ ಬಿಟ್ಟುಹೋದಾಗ ಆಗುವುದು ಅದೇ. ವಾಪಸ್ ಹೋಗುವ ದಾರಿ ಇಲ್ಲದ ಕಾರಣ ಕರೆಂಟು ಎಡ ಕಿವಿಯಿಂದ ಬಲ ಕಿವಿಯ ಮೂಲಕವೇ ಹರಿಯುತ್ತದೆ. ಎರಡೂ ಚಾನೆಲ್‌ನಲ್ಲಿ ಒಂದೇ ಸಮ ಇರುವ ಶಬ್ದ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಸ್ಟೀರಿಯೋ ರೆಕಾರ್ಡಿಂಗ್‌ನಲ್ಲಿ ಹಾಡುವವರ ಸ್ವರವನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರಲ್ವಾ, ಅದು ಹೋಗುತ್ತದೆ. ಬದಿಗಿರುವ ವಾದ್ಯ, ಪ್ರತಿಧ್ವನಿ, ಚಪ್ಪಾಳೆ ಉಳಿಯುತ್ತವೆ. ಅದೇ ರೆಕಾರ್ಡಿಂಗ್ ಮೊನೊ (ಎರಡೂ ಬದಿ ಒಂದೇ ಶಬ್ದ) ಆಗಿದ್ದರೆ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಅಂಥ ಕೇಬಲ್‌ನಲ್ಲಿ ಎಡ ಬಲದ ಬೆಸುಗೆಗೆ ಕೈ ಹಾಕಲೇಬೇಡಿ. ನೇರವಾಗಿ ಪ್ಲಗ್ ಒಳಗಿನ ಗ್ರೌಂಡ್ ಟ್ಯಾಗ್ (ವೈರು ಬೆಸೆಯುವ ಲೋಹದ ಪಟ್ಟಿ) ನೋಡಿ.

ಮೈಕ್ ಇರುವ ಕೇಬಲ್‌ನಲ್ಲಿ ಇದೇ ಟೊಳ್ಳು ಶಬ್ದ ಬಂದರೆ ಮೈಕ್ ಬಟನ್ ಒತ್ತಿ ಹಿಡಿಯಿರಿ. ಒತ್ತಿದಾಗ ಸ್ವರ ವಾಪಸ್ ಬಂದರೆ ಬೆಸುಗೆ ಚೆನ್ನಾಗಿಯೇ ಇದೆ, ಗ್ರೌಂಡ್ ಮತ್ತು ಮೈಕ್ ಅದಲುಬದಲು ಆಗಿವೆ. ಬಟನ್ ಮಾಡುವ ಕೆಲಸ ಆ ಎರಡನ್ನು ಸೇರಿಸುವುದು ಅಷ್ಟೇ, ಹಾಗಾಗಿ ಒತ್ತಿದಷ್ಟು ಹೊತ್ತು ಗ್ರೌಂಡ್‌ಗೆ ದಾರಿ ಸಿಗುತ್ತದೆ.

ಹಾಡು ತಾನಾಗಿ ನಿಲ್ಲುವುದು, ವಾಲ್ಯೂಮ್ ತಾನಾಗಿ ಏರುವುದು ಇಳಿಯುವುದು ಫೋನಿನ ಕಾಟ ಅಂದುಕೊಳ್ಳುತ್ತೇವೆ. ಆಂಡ್ರಾಯ್ಡ್ ಫೋನ್‌ಗಳು ಬಟನ್ ಗುರುತಿಸುವುದು ಮೈಕ್ ಮತ್ತು ಗ್ರೌಂಡ್ ನಡುವಿನ ರೆಸಿಸ್ಟೆನ್ಸ್ ನೋಡಿ. ನೇರ ಶಾರ್ಟ್ ಆದರೆ ಪ್ಲೇ ಅಥವಾ ಪಾಸ್. ಸುಮಾರು 240 ಓಮ್ ಇದ್ದರೆ ವಾಲ್ಯೂಮ್ ಏರಿಕೆ, ಸುಮಾರು 470 ಇದ್ದರೆ ಇಳಿಕೆ. ಬೆವರೋ ಉಪ್ಪು ನೀರಿನ ಪಸೆಯೋ ಬಟನ್ ಡಬ್ಬಿಯ ಒಳಗೆ ಸೇರಿದರೆ ಆ ಎರಡರ ನಡುವೆ ಕರೆಂಟ್ ಸೋರುತ್ತದೆ, ಫೋನ್ ಅದನ್ನೇ ಬಟನ್ ಅಂದುಕೊಳ್ಳುತ್ತದೆ. ಬೆಳಿಗ್ಗೆ ಕಾರವಾರದ ಠಾಗೋರ್ ಬೀಚಿನಲ್ಲಿ ಓಡುವಾಗ ಮಾತ್ರ ಹೀಗಾಗುತ್ತದೆ, ಮನೆಯಲ್ಲಿ ಸರಿ ಇರುತ್ತದೆ ಅಂದರೆ ಉತ್ತರ ಇದೇ. ಹಾಡು ಕೇಳಲಿಕ್ಕೆ ಮಾತ್ರ ಕೇಬಲ್ ಬೇಕಿದ್ದರೆ ಮೈಕ್ ಇಲ್ಲದ ಮೂರು ಭಾಗದ ಪ್ಲಗ್ ಹಾಕಿಬಿಡಿ. ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಶಬ್ದ ಎರಡೂ ಕಡೆ ಇದೆ, ಜೋರಾಗಿಯೂ ಇದೆ, ಆದರೆ ತಬಲಾ ಮದ್ದಳೆಯ ತಳದ ಪೆಟ್ಟು ತೆಳುವಾಗಿದೆ, ಸ್ವರ ನಡುವೆ ನಿಲ್ಲದೆ ಚೆದುರಿದಂತಿದೆ ಅಂದರೆ ಒಂದು ಕಿವಿಯ ಪ್ಲಸ್ ಮೈನಸ್ ತಿರುಗಿದೆ. ಕೇಬಲ್ ಬಟ್ಟೆಗೆ ಉಜ್ಜಿದಾಗ ಬರುವ ಗರಗರ ಮಾತ್ರ ಕರೆಂಟಿನ ದೋಷವೇ ಅಲ್ಲ. ಬಿರುಸಾದ ಹೆಣಿಗೆಯ ವೈರು ತನ್ನ ಕಂಪನವನ್ನು ಕಿವಿಗೆ ತಲುಪಿಸುತ್ತದೆ. ವೈರನ್ನು ಕಿವಿಯ ಹಿಂದಿನಿಂದ ಸುತ್ತಿ ತಂದರೆ ಕಡಿಮೆಯಾಗುತ್ತದೆ.

ಮೀಟರ್ ಬೀಪ್ ಅಂದರೆ ನಂಬಬೇಡಿ, ಅಂಕಿ ನೋಡಿ

ಸಾಧಾರಣ ಮಲ್ಟಿಮೀಟರ್ ಸಾಕು. ಆದರೆ ಬೀಪ್ ಮೋಡ್‌ನಲ್ಲಿ ಒಂದು ಮೋಸ ಇದೆ. ಎಷ್ಟೋ ಮೀಟರ್‌ಗಳು 30 ರಿಂದ 50 ಓಮ್‌ವರೆಗೆ ಏನು ಸಿಕ್ಕರೂ ಬೀಪ್ ಹೊಡೆಯುತ್ತವೆ. ಇಯರ್‌ಫೋನಿನ ಡ್ರೈವರೇ (ಒಳಗಿನ ಪುಟ್ಟ ಸ್ಪೀಕರ್) ಹೆಚ್ಚಾಗಿ 16 ಅಥವಾ 32 ಓಮ್. ಹಾಗಾಗಿ ಕಿವಿಯ ಭಾಗ ಕೇಬಲ್‌ಗೆ ಸೇರಿದ್ದಾಗ ತುದಿಗೂ ಬುಡಕ್ಕೂ ಬೀಪ್ ಬಂದರೆ ಅದು ಶಾರ್ಟ್ ಅಂತಲ್ಲ. ಚೆನ್ನಾಗಿರುವ ಬೆಸುಗೆಯನ್ನು ಇದೇ ಕಾರಣಕ್ಕೆ ಬಿಚ್ಚಿ ಹಾಳು ಮಾಡುವವರು ಬಹಳ. 200 ಓಮ್ ರೇಂಜ್‌ಗೆ ತಿರುಗಿಸಿ ಅಂಕಿಯನ್ನೇ ಓದಿ.

ಮೊದಲು ಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ. ಅರ್ಧ ಓಮ್‌ವರೆಗೆ ಏನಾದರೂ ತೋರಿಸುತ್ತದೆ. ಮುಂದಿನ ಎಲ್ಲ ಅಳತೆಯಿಂದ ಅದನ್ನು ಕಳೆಯಿರಿ. ಆಮೇಲೆ ತುದಿ ಮತ್ತು ಬುಡ ಹಿಡಿಯಿರಿ. 16 ಓಮ್ ಇಯರ್‌ಫೋನ್ ಆದರೆ ಸುಮಾರು ಅಷ್ಟೇ, ಇಲ್ಲವೇ ಸ್ವಲ್ಪ ಕಡಿಮೆ ಬರಬೇಕು. ಕಡ್ಡಿ ತಾಗಿದಾಗ ಕಿವಿಯಲ್ಲಿ 'ಟಿಕ್' ಅಂತ ಕೇಳಿಸುತ್ತದೆ. ಉಂಗುರ ಮತ್ತು ಬುಡಕ್ಕೂ ಹಾಗೇ. ಎರಡೂ ಕಡೆ ಏನೂ ತೋರಿಸದೆ, ತುದಿ ಮತ್ತು ಉಂಗುರದ ನಡುವೆ ಮಾತ್ರ ಸುಮಾರು ಎರಡು ಪಟ್ಟು ಬಂದರೆ ಗ್ರೌಂಡ್ ಬಿಟ್ಟಿರುವುದು ಖಚಿತ.

ಕಿವಿಯ ಭಾಗ ಕಳಚಿ ತೆಗೆಯುವಂಥದ್ದಾದರೆ ಕಳಚಿ, ಬರೀ ಕೇಬಲ್ ಅಳೆಯಿರಿ. 28 ಗೇಜ್ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.21 ಓಮ್. 1.2 ಮೀಟರ್ ಕೇಬಲ್‌ನ ಒಂದು ಎಳೆಗೆ ಕಾಲು ಓಮ್ ಆಸುಪಾಸು. ಒಂದು ಎಳೆ 0.3 ತೋರಿಸಿ ಇನ್ನೊಂದು 1.5 ತೋರಿಸಿದರೆ ವೈರು ಪೂರ್ತಿ ತುಂಡಾಗಿಲ್ಲ, ಹೆಚ್ಚಾಗಿ ಬೆಸುಗೆ ಅರೆಬರೆ ಹಿಡಿದಿದೆ ಅಂತರ್ಥ. ಇಂಥ ದೋಷ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಒಂದು ಕಡೆ ಸ್ವಲ್ಪ ಮಂದ ಅನ್ನಿಸುತ್ತದೆ ಅಷ್ಟೇ. ಗ್ರೌಂಡ್‌ನಲ್ಲಿ ಇದ್ದರೆ ಇನ್ನೂ ಕೆಟ್ಟದ್ದು. ಎರಡೂ ಚಾನೆಲ್ ಒಂದೇ ಗ್ರೌಂಡ್ ಹಂಚಿಕೊಂಡಿರುವಾಗ ಅಲ್ಲಿ ಅರ್ಧ ಓಮ್ ಇದ್ದರೂ 16 ಓಮ್ ಇಯರ್‌ಫೋನ್‌ನಲ್ಲಿ ಒಂದು ಬದಿಯ ಶಬ್ದದ ಸುಮಾರು ನೂರರಲ್ಲಿ ಮೂರು ಭಾಗ ಇನ್ನೊಂದು ಬದಿಗೆ ಸೋರುತ್ತದೆ. ಎಡ ಬಲದ ಗ್ರೌಂಡ್ ಎಳೆಗಳನ್ನು ವೈರು ಎರಡಾಗುವ ಕವಲಿನಲ್ಲೇ ಸೇರಿಸದೆ, ಬೇರೆ ಬೇರೆಯಾಗಿ ತಂದು ಪ್ಲಗ್‌ನಲ್ಲಿ ಸೇರಿಸಿದರೆ ಇದು ಬಹಳ ಕಡಿಮೆಯಾಗುತ್ತದೆ. ನಾಲ್ಕು ಎಳೆ ಹೆಣೆಯುವುದಕ್ಕೆ ನಿಜವಾದ ಕಾರಣ ಇದು.

ಬಂದು ಹೋಗುವ ದೋಷಕ್ಕೆ ಹಾಡು ಹಾಕಿಕೊಂಡು ಹುಡುಕಬೇಕು. ಪ್ಲಗ್ ಅಲ್ಲಾಡದಂತೆ ಹಿಡಿದು ಅದರ ಕತ್ತಿನ ಹತ್ತಿರ ವೈರು ಬಾಗಿಸಿ. ಆಮೇಲೆ ಕವಲು, ಆಮೇಲೆ ಕಿವಿಯ ತುದಿ. ಒಂದು ಸಲಕ್ಕೆ ಒಂದೇ ಜಾಗ ಬಾಗಲಿ, ಉಳಿದದ್ದು ಮೇಜಿನ ಮೇಲೆ ಸುಮ್ಮನೆ ಬಿದ್ದಿರಲಿ. ಇಡೀ ಕೇಬಲ್ ಹಿಡಿದು ಅಲ್ಲಾಡಿಸಿದರೆ ಏನೂ ತಿಳಿಯುವುದಿಲ್ಲ.

ಬ್ಯಾರೆಲ್ ತಿರುಗಿಸಿ ಒಳಗೆ ನೋಡಿ

ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿದರೆ ಸಾಕು, ಬೇರೆ ಭೂತಗನ್ನಡಿ ಬೇಕಿಲ್ಲ. ಮೂರು ಟ್ಯಾಗ್ ಕಾಣುತ್ತವೆ, ಗ್ರೌಂಡಿನದು ಉದ್ದ, ಉಳಿದೆರಡು ಗಿಡ್ಡ. ಸೋಲ್ಡರ್ ಟ್ಯಾಗಿನ ಮೇಲೆ ಹರಡಿ, ಅಂಚಿನಲ್ಲಿ ತೆಳ್ಳಗಾಗಿ, ಎಳೆಗಳ ಆಕಾರ ಒಳಗಿನಿಂದ ಕಾಣುವಂತೆ ಕೂತಿದ್ದರೆ ಒಳ್ಳೆಯದು. ಗುಂಡಗೆ ಮಣಿಯಂತೆ ನಿಂತಿದ್ದರೆ ಟ್ಯಾಗ್ ಕಾದೇ ಇಲ್ಲ. ಮೇಲ್ಮೈ ಕಾಳುಕಾಳಾಗಿದ್ದರೆ ತಣಿಯುವಾಗ ವೈರು ಅಲುಗಾಡಿದೆ. ತಾಮ್ರದ ಒಂದೇ ಒಂದು ಎಳೆ ಗುಂಪಿನಿಂದ ಹೊರಬಿದ್ದು ಬ್ಯಾರೆಲ್‌ಗೋ ಪಕ್ಕದ ಟ್ಯಾಗಿಗೋ ತಾಗಿದೆಯಾ ನೋಡಿ. ಬ್ಯಾರೆಲ್ ಬಿಗಿದಾಗ ಮಾತ್ರ ಒಂದು ಕಿವಿ ಸಾಯುತ್ತದೆ ಅನ್ನುವ ದೂರಿಗೆ ಕಾರಣ ಬಹಳ ಸಲ ಈ ಒಂದು ಎಳೆ.

ಟ್ಯಾಗಿನ ಸುತ್ತ ತಿಳಿಹಸಿರು ಪುಡಿ ಕಂಡರೆ ಕಿಲುಬು ಹಿಡಿದಿದೆ. ಅಂಥ ಬೆಸುಗೆಯ ಮೇಲೆ ಹೊಸ ಸೋಲ್ಡರ್ ಸುರಿದರೆ ಪ್ರಯೋಜನವಿಲ್ಲ. ಹಳೆಯದನ್ನು ಪೂರ್ತಿ ತೆಗೆದು, ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಮತ್ತೆ ಶುರು ಮಾಡಬೇಕು.

ಯಾವ ಸೋಲ್ಡರ್

ಕೈಯಲ್ಲಿ ಹಿಡಿದು ಮಾಡುವ ಇಂಥ ಸಣ್ಣ ಕೆಲಸಕ್ಕೆ 63 ಭಾಗ ತವರ, 37 ಭಾಗ ಸೀಸದ ಸೋಲ್ಡರ್ ನನ್ನ ಮೊದಲ ಆಯ್ಕೆ. ಅದು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 60/40 ಸೋಲ್ಡರ್ 183 ರಿಂದ 190 ಡಿಗ್ರಿಯವರೆಗೆ ಅರೆಗಟ್ಟಿಯಾಗಿ ಇರುತ್ತದೆ. ಆ ಹೊತ್ತಿನಲ್ಲಿ ಕೈ ನಡುಗಿದರೆ ಬೆಸುಗೆ ಒಡೆದಂತಾಗುತ್ತದೆ. ವೈರನ್ನು ಕ್ಲಿಪ್ಪಿನಲ್ಲಿ ಬಿಗಿ ಹಿಡಿಸಿದ್ದರೆ 60/40 ಕೂಡ ಚೆನ್ನಾಗಿಯೇ ಬರುತ್ತದೆ. ದಪ್ಪ 0.5 ರಿಂದ 0.8 ಮಿ.ಮೀ. ಇರಲಿ, ಒಳಗೆ ರಾಳದ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿದು ಹಿಡಿಯಲು ನೆರವಾಗುವ ವಸ್ತು) ಇರಲಿ.

ಸೀಸ ಬೇಡ ಅನ್ನುವವರಿಗೆ 96.5 ತವರ, 3 ಬೆಳ್ಳಿ, 0.5 ತಾಮ್ರದ ಸೋಲ್ಡರ್ ಇದೆ. ಕರಗುವುದು 217 ರಿಂದ 220 ಡಿಗ್ರಿಯಲ್ಲಿ. ಕೆಲಸ ಚೆನ್ನಾಗಿ ಬರುತ್ತದೆ, ಆದರೆ ಬೆಸುಗೆ ಹಾಕುವ ಐರನ್ ಜಾಸ್ತಿ ಬಿಸಿ ಬೇಕು, ಪ್ಲಗ್‌ನ ಪ್ಲಾಸ್ಟಿಕ್ ಕರಗುವ ಭಯವೂ ಅಷ್ಟೇ ಜಾಸ್ತಿ. ತಣಿದ ಮೇಲೆ ಅದು ಸಹಜವಾಗಿಯೇ ಮಂಕಾಗಿ ಕಾಣುತ್ತದೆ, ಹೊಳಪು ನೋಡಿ ಕೆಟ್ಟ ಬೆಸುಗೆ ಅಂತ ತೀರ್ಮಾನಿಸಬೇಡಿ. ಹಳೆಯ ಸೀಸದ ಬೆಸುಗೆಯ ಮೇಲೆ ಇದನ್ನು ಬೆರೆಸುವುದು ಬೇಡ. ಸೀಸದ ಸೋಲ್ಡರ್ ಬಳಸುವವರು ಕೆಲಸ ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಲೇಬೇಕು, ಮಕ್ಕಳ ಕೈಗೆ ತುಣುಕು ಸಿಗಬಾರದು. ಮೇಲೆ ಏಳುವ ಹೊಗೆ ಸೀಸದ್ದಲ್ಲ, ರಾಳದ್ದು. ಆದರೂ ಅದು ಉಬ್ಬಸ ಇರುವವರಿಗೆ ಒಳ್ಳೆಯದಲ್ಲ. ಮಳೆಗಾಲ ಅಂತ ಕಿಟಕಿ ಮುಚ್ಚಿಕೊಂಡು ಕೂರಬೇಡಿ.

ಬೆಳ್ಳಿ ಬೆರೆಸಿದ ದುಬಾರಿ ಸೋಲ್ಡರ್‌ನಿಂದ ಧ್ವನಿ ಚೆನ್ನಾಗುತ್ತದೆ ಅಂತ ಹೇಳುವವರು ಇದ್ದಾರೆ. ಲೆಕ್ಕ ಹಾಕಿ ನೋಡೋಣ. ಎರಡು ಮಿಲಿಮೀಟರ್ ಉದ್ದದ ಸಾಮಾನ್ಯ ಬೆಸುಗೆಯ ರೆಸಿಸ್ಟೆನ್ಸ್ ಒಂದು ಓಮ್‌ನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ವೈರಿನದೇ ಕಾಲು ಓಮ್ ಇರುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಬೆಳ್ಳಿ ಸೇರಿಸಿದ ಸೋಲ್ಡರ್‌ಗೆ ಬೇರೆ ಕೆಲಸ ಇದೆ. ಬೆಳ್ಳಿ ಲೇಪದ ವೈರು ಅಥವಾ ಟ್ಯಾಗಿನಿಂದ ಆ ಲೇಪ ತವರದೊಳಗೆ ಕರಗಿ ಹೋಗುವುದನ್ನು ಅದು ಕಡಿಮೆ ಮಾಡುತ್ತದೆ. ನಿಮ್ಮ ವೈರು ಬೆಳ್ಳಿ ಲೇಪದ್ದಾದರೆ 2 ಭಾಗ ಬೆಳ್ಳಿ ಇರುವ ಸೋಲ್ಡರ್ ಕೊಳ್ಳಿ, ಇಲ್ಲದಿದ್ದರೆ ಬೇಡ. ಅಕ್ಕಸಾಲಿಗರು ಬಳಸುವ ಬೆಳ್ಳಿ ಬೆಸುಗೆ ಇದಲ್ಲ, ಅದಕ್ಕೆ 600 ಡಿಗ್ರಿಗೂ ಮೇಲೆ ಕಾಯಿಸಬೇಕು.

ಇನ್ನು ಫ್ಲಕ್ಸ್. ಕರಾವಳಿಯಲ್ಲಿ ಕೇಬಲ್ ಕೆಡಿಸುವ ಮೊದಲ ಕಳ್ಳ ಇದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕೆಲವು ಸಣ್ಣ ಡಬ್ಬಿಯ ಪೇಸ್ಟುಗಳಲ್ಲಿ ಸತುವಿನ ಕ್ಲೋರೈಡ್ ಇರುತ್ತದೆ. ತಗಡು, ಪೈಪು, ರೇಡಿಯೇಟರ್ ಬೆಸೆಯಲು ಮಾಡಿದ್ದು. ಸೋಲ್ಡರ್ ಅದರಿಂದ ಬೆಣ್ಣೆಯಂತೆ ಹರಿಯುತ್ತದೆ ನಿಜ. ಆದರೆ ಉಳಿದ ಪಸೆ ಗಾಳಿಯ ತೇವ ಹೀರಿಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಅದಕ್ಕೆ ಉಪ್ಪಿನ ಗಾಳಿ ಸೇರಿದರೆ ಮುಗಿಯಿತು. ಕಾರವಾರದ ಬೈತಖೋಲ್ ಬಂದರಿನ ಸುತ್ತಮುತ್ತ ಕೆಲಸ ಮಾಡುವವರ ಕೇಬಲ್ ಬಿಚ್ಚಿದರೆ ಹಸಿರು ಪುಡಿ ಎಲ್ಲಿದೆಯೋ ಅಲ್ಲಿ ಆ ಪೇಸ್ಟಿನ ಅಂಟು ಇದ್ದೇ ಇರುತ್ತದೆ. ಡಬ್ಬಿಯ ಮೇಲೆ ಎಲೆಕ್ಟ್ರಾನಿಕ್ಸ್‌ಗೆ, ರಾಳದ್ದು ಅಂತ ಸ್ಪಷ್ಟವಾಗಿ ಬರೆದಿಲ್ಲವಾದರೆ ಇಯರ್‌ಫೋನ್ ಹತ್ತಿರ ತರಬೇಡಿ. ಸೋಲ್ಡರ್ ವೈರಿನ ಒಳಗಿನ ರಾಳವೇ ಸಾಮಾನ್ಯವಾಗಿ ಸಾಕಾಗುತ್ತದೆ. ಕೆಲಸ ಆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆ ಬಾಟಲಿಯ ಮುಚ್ಚಳ ಭದ್ರವಾಗಿರಲಿ, ತೆರೆದಿಟ್ಟರೆ ಅದೂ ಗಾಳಿಯ ನೀರು ಹೀರುತ್ತದೆ.

ಐರನ್ ಕಾದಿದೆ ಅಂತ ಅಂದುಕೊಳ್ಳುವುದು

ಘಟ್ಟದ ಮೇಲಿನ ಹಳ್ಳಿಗಳಲ್ಲಿ ಬೆಸುಗೆ ಕೂರದಿದ್ದರೆ ಜನ ಸೋಲ್ಡರ್‌ಗೆ ಬೈಯುತ್ತಾರೆ. ವೋಲ್ಟೇಜ್ ಅಳೆದು ನೋಡಿ. 25 ವಾಟ್‌ನ ಐರನ್ 230 ವೋಲ್ಟ್‌ಗೆ ಮಾಡಿದ್ದು. ಶಾಖ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಲೈನ್‌ನಲ್ಲಿ 180 ವೋಲ್ಟ್ ಇದ್ದರೆ ಸಿಗುವುದು 15 ವಾಟ್ ಮಾತ್ರ. ಅದು ತುದಿಯ ಸಣ್ಣ ಟ್ಯಾಗಿಗೆ ಹೇಗೋ ಸಾಕಾಗುತ್ತದೆ. ದಪ್ಪ ಗ್ರೌಂಡ್ ಟ್ಯಾಗಿಗೆ ಸಾಲದು, ಏಕೆಂದರೆ ಅದು ಪ್ಲಗ್‌ನ ಬುಡದ ಲೋಹಕ್ಕೆ ನೇರವಾಗಿ ಸೇರಿದ್ದು, ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಭಾಗವತರ ಸ್ವರ ಮಾಯವಾಗುವ ಕೇಬಲ್‌ಗಳ ಹಿಂದೆ ಬಹಳ ಸಲ ಈ ಇಳಿದ ವೋಲ್ಟೇಜ್ ಇರುತ್ತದೆ. ಊರಲ್ಲಿ ಪಂಪ್‌ಸೆಟ್ ಓಡದ ಹೊತ್ತು ನೋಡಿ ಕೆಲಸ ಮಾಡಿ, ಅಥವಾ ಶಾಖ ಹಿಡಿತದಲ್ಲಿಡುವ ಸೋಲ್ಡರಿಂಗ್ ಸ್ಟೇಷನ್ ಕೊಳ್ಳಿ. ಸೀಸದ ಸೋಲ್ಡರ್‌ಗೆ 330 ರಿಂದ 350 ಡಿಗ್ರಿ, ಸೀಸ ಇಲ್ಲದ್ದಕ್ಕೆ 360 ರಿಂದ 380.

ಬಿಸಿ ಜಾಸ್ತಿ ಇದ್ದು ಬೇಗ ಮುಗಿಸುವುದು ಒಳ್ಳೆಯದು. ಕಡಿಮೆ ಬಿಸಿಯಲ್ಲಿ ತುಂಬ ಹೊತ್ತು ಒತ್ತಿ ಹಿಡಿದರೆ ಪ್ಲಗ್‌ನ ಉಂಗುರಗಳ ನಡುವಿನ ಪ್ಲಾಸ್ಟಿಕ್ ಮೆತ್ತಗಾಗಿ ತುದಿ ಓರೆಯಾಗುತ್ತದೆ. ಇದನ್ನು ತಡೆಯಲು ಸುಲಭ ಉಪಾಯ ಇದೆ: ಕೆಟ್ಟ ರೇಡಿಯೋದ ಹಳೇ ಸಾಕೆಟ್‌ಗೆ ಪ್ಲಗ್ ಚುಚ್ಚಿಟ್ಟು ಬೆಸುಗೆ ಹಾಕಿ. ಭಾಗಗಳು ನೇರ ನಿಲ್ಲುತ್ತವೆ, ಶಾಖವೂ ಹಂಚಿಹೋಗುತ್ತದೆ. ಟ್ಯಾಗಿಗೂ ವೈರಿಗೂ ಮೊದಲೇ ಬೇರೆ ಬೇರೆಯಾಗಿ ತೆಳ್ಳಗೆ ಸೋಲ್ಡರ್ ಹಿಡಿಸಿಕೊಂಡರೆ ಜೋಡಿಸುವಾಗ ಎರಡು ಮೂರು ಸೆಕೆಂಡ್ ಸಾಕು. ಬ್ಯಾರೆಲ್ ಮತ್ತು ಹೀಟ್ ಶ್ರಿಂಕ್ ಟ್ಯೂಬನ್ನು (ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ವೈರಿಗೆ ಮೊದಲೇ ಪೋಣಿಸಿಕೊಂಡಿರಿ.

ಹಳೇ ಇಯರ್‌ಫೋನಿನ ವೈರು ಬಳಸುವವರಿಗೆ ಒಂದು ಮಾತು. ಅದರ ಎಳೆಗಳ ಮೇಲೆ ಬಣ್ಣದ ಎನಾಮೆಲ್ ಇರುತ್ತದೆ, ನಡುವೆ ನೂಲು ಇರುತ್ತದೆ. ಸಾಮಾನ್ಯವಾಗಿ ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರದ ಬಣ್ಣದ್ದು ಗ್ರೌಂಡ್. ಆದರೂ ಮೀಟರ್ ಹಿಡಿದೇ ಖಚಿತ ಮಾಡಿಕೊಳ್ಳಿ. ಎನಾಮೆಲ್ ಹೋಗದೆ ಸೋಲ್ಡರ್ ಹಿಡಿಯುವುದಿಲ್ಲ. ಎಳೆಗಳ ಸುತ್ತ ಸೋಲ್ಡರ್ ಗಟ್ಟಿಯಾಗಿ ಕೂತಂತೆ ಕಂಡರೂ ಒಳಗೆ ಅರ್ಧ ಎಳೆಗಳಿಗೆ ಸಂಪರ್ಕವೇ ಇರುವುದಿಲ್ಲ. ಐರನ್ ತುದಿಯಲ್ಲಿ ಹೊಸ ಸೋಲ್ಡರ್‌ನ ಹನಿ ನಿಲ್ಲಿಸಿ, 390 ಡಿಗ್ರಿ ಹತ್ತಿರ ಕಾಯಿಸಿ, ವೈರಿನ ತುದಿಯನ್ನು ಆ ಹನಿಯೊಳಗೆ ಮೆಲ್ಲಗೆ ಎಳೆಯಿರಿ. ಎನಾಮೆಲ್ ಸುಟ್ಟು ಕರಿ ಪೊರೆಯಾಗಿ ಬಿಡುತ್ತದೆ, ಎಳೆ ಬೆಳ್ಳಗಾಗುತ್ತದೆ. ಪೂರ್ತಿ ಸುತ್ತಲೂ ಬೆಳ್ಳಗಾಗುವವರೆಗೆ ಮಾಡಿ.

ಪ್ಲಗ್ ಆರಿಸುವುದು

ಹೊಳಪಿಗಿಂತ ಮೊದಲು ಹಿಂಬದಿ ನೋಡಿ. ವೈರು ಹೊರಬರುವ ತೂತು ನಿಮ್ಮ ವೈರಿನ ದಪ್ಪಕ್ಕೆ ಸರಿಯಿದೆಯಾ? ವೈರನ್ನು ಕಚ್ಚಿ ಹಿಡಿಯುವ ಕ್ಲಾಂಪ್ ಇದೆಯಾ? ನಾಲ್ಕು ಮಿಲಿಮೀಟರ್ ತೂತಿನ ಪ್ಲಗ್‌ಗೆ ಎರಡು ಮಿಲಿಮೀಟರ್ ವೈರು ಹಾಕಿದರೆ ಎಳೆದಾಗಲೆಲ್ಲ ಭಾರ ಬೆಸುಗೆಯ ಮೇಲೇ ಬೀಳುತ್ತದೆ. ಅಷ್ಟರಲ್ಲಿ ಆ ಕೇಬಲ್‌ನ ಆಯಸ್ಸು ನಿರ್ಧಾರವಾಯಿತು. ಬೇರೆ ದಾರಿ ಇಲ್ಲವಾದರೆ ವೈರಿನ ಮೇಲೆ ಹೀಟ್ ಶ್ರಿಂಕ್ ಎರಡು ಪದರ ಏರಿಸಿ ದಪ್ಪ ಮಾಡಿ.

ಲೇಪದ ವಿಷಯ. ನಿಕ್ಕಲ್ ಗಟ್ಟಿ, ಸವೆಯುವುದು ನಿಧಾನ, ಬೆಲೆ ಕಡಿಮೆ. ಚಿನ್ನ ಕಪ್ಪಾಗುವುದಿಲ್ಲ, ಹಾಗಾಗಿ ಕರಾವಳಿಗೆ ಚೆನ್ನ, ಆದರೆ ಅದರ ಕೆಳಗೆ ನಿಕ್ಕಲ್ ಪದರ ಇರಬೇಕು. ಬರೀ ಹಿತ್ತಾಳೆಯ ಮೇಲೆ ತೋರಿಕೆಗೆ ಬಳಿದ ಚಿನ್ನ ಕೆಲವೇ ತಿಂಗಳಲ್ಲಿ ಸವೆದು, ಅದರ ಸಣ್ಣ ರಂಧ್ರಗಳಿಂದ ಕಿಲುಬು ಮೇಲೆ ಬರುತ್ತದೆ. ಅಂಥದ್ದಕ್ಕಿಂತ ಸಾದಾ ನಿಕ್ಕಲ್ ಪ್ಲಗ್ಗೇ ವಾಸಿ. ಲೇಪವೇ ಇಲ್ಲದ ಶುದ್ಧ ತಾಮ್ರದ ಪ್ಲಗ್ ಅಂತ ಮಾರುತ್ತಾರೆ, ನಮ್ಮ ಗಾಳಿಗೆ ಅದು ಬೇಡವೇ ಬೇಡ. ನ್ಯೂಟ್ರಿಕ್, ಅದರದೇ ರೀನ್, ಸ್ವಿಚ್‌ಕ್ರಾಫ್ಟ್, ಆಂಫೆನಾಲ್ ಪ್ಲಗ್‌ಗಳ ಅಳತೆ ನಂಬಬಹುದು. ಇಲ್ಲಿನ ಪೇಟೆಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಮಡಗಾಂವ್, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡ್.

2.5 ಮತ್ತು 4.4 ಮಿ.ಮೀ. ಬ್ಯಾಲೆನ್ಸ್ಡ್ ಪ್ಲಗ್ ಹಾಕುವವರು ಒಂದು ಎಚ್ಚರ ಮರೆಯಬಾರದು. ಅಲ್ಲಿ ಎಡ ಬಲಕ್ಕೆ ಬೇರೆ ಬೇರೆ ಮೈನಸ್ ಇರುತ್ತದೆ, ಮತ್ತು ಅವು ಗ್ರೌಂಡ್ ಅಲ್ಲ. 4.4 ರಲ್ಲಿ ತುದಿಯಿಂದ ಕ್ರಮವಾಗಿ ಎಡ ಪ್ಲಸ್, ಎಡ ಮೈನಸ್, ಬಲ ಪ್ಲಸ್, ಬಲ ಮೈನಸ್, ಬುಡ ಗ್ರೌಂಡ್. 2.5 ರಲ್ಲಿ ಬಲ ಮೈನಸ್, ಬಲ ಪ್ಲಸ್, ಎಡ ಪ್ಲಸ್, ಎಡ ಮೈನಸ್. ಬ್ಯಾಲೆನ್ಸ್ಡ್ ಪ್ಲೇಯರ್‌ಗೆ ಸಾದಾ 3.5 ಇಯರ್‌ಫೋನ್ ಹಾಕಲು ಅಡಾಪ್ಟರ್ ಕಟ್ಟಬೇಡಿ. ಎರಡು ಮೈನಸ್ ಒಂದಾದರೆ ಪ್ಲೇಯರ್‌ನ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಕಿವಿಯ ಕಡೆ ಎಂಎಂಸಿಎಕ್ಸ್ (ಒತ್ತಿ ಸಿಕ್ಕಿಸುವ ಗುಂಡನೆಯ ಕನೆಕ್ಟರ್) ಅಥವಾ 0.78 ಮಿ.ಮೀ.ನ ಎರಡು ಪಿನ್ ಇದ್ದರೆ, ಹಳೇ ಕೇಬಲ್ ಎಸೆಯುವ ಮೊದಲು ಯಾವ ಪಿನ್ ಪ್ಲಗ್‌ನ ಯಾವ ಭಾಗಕ್ಕೆ ಹೋಗುತ್ತದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಎಂಎಂಸಿಎಕ್ಸ್ ತಿರುಗುವ ಜಾತಿಯದು, ಅದರ ಸಣ್ಣ ಸ್ಪ್ರಿಂಗ್ ಉಂಗುರಕ್ಕೆ ಬೆವರು ತಾಗಿ ಚರಪರ ಬರುತ್ತದೆ. ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಮುಚ್ಚುವ ಮೊದಲು

ತೇವ ಒಳಗೆ ಹೋಗದಿರಲಿ ಅಂತ ಪ್ಲಗ್ ಒಳಗೆ ಸಿಲಿಕೋನ್ ತುಂಬುವ ಅಭ್ಯಾಸ ನಮ್ಮ ಕಡೆ ಇದೆ. ಉದ್ದೇಶ ಒಳ್ಳೆಯದೇ. ಆದರೆ ಕಿಟಕಿ ಗಾಜಿಗೆ ಹಚ್ಚುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸೆಟಿಕ್ ಆಮ್ಲ ಬಿಡುತ್ತದೆ. ಅದು ತಾಮ್ರವನ್ನೇ ತಿನ್ನುತ್ತದೆ. ತೇವ ತಡೆಯಲು ಹಚ್ಚಿದ್ದೇ ಕಿಲುಬು ತರುತ್ತದೆ. ನ್ಯೂಟ್ರಲ್ ಅಂತ ಬರೆದಿರುವ ಸಿಲಿಕೋನ್ ಬಳಸಿ, ಅಥವಾ ಎಪಾಕ್ಸಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಇನ್ನೂ ಸುಲಭ. ಕಾಯಿಸಿದಾಗ ಅಂಟು ಕರಗಿ ವೈರಿನ ಸುತ್ತ ಮುಚ್ಚಿಕೊಳ್ಳುತ್ತದೆ, ಎಳೆತವನ್ನೂ ತಡೆಯುತ್ತದೆ. ಯಾವುದನ್ನು ಹಾಕಿದರೂ ಮೊದಲು ಫ್ಲಕ್ಸ್ ತೊಳೆದು, ಪೂರ್ತಿ ಒಣಗಿಸಿ, ಮೀಟರ್‌ನಲ್ಲಿ ಇನ್ನೊಮ್ಮೆ ಅಳೆದು ಆಮೇಲೆ ಮುಚ್ಚಿ. ಮುಚ್ಚಿದ ಮೇಲೆ ತೆಗೆಯುವುದೆಂದರೆ ಪ್ಲಗ್ ಕಳೆದುಕೊಂಡಂತೆಯೇ.

ಪಾರದರ್ಶಕ ಹೊದಿಕೆಯ ವೈರು ಒಂದೆರಡು ವರ್ಷಕ್ಕೆ ಹಸಿರಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಕೇಬಲ್ ಎಸೆಯುವವರಿದ್ದಾರೆ. ತಾಮ್ರದ ಮೇಲ್ಮೈ ಮಾತ್ರ ಬಣ್ಣ ಬದಲಿಸಿದ್ದರೆ ಧ್ವನಿಗೆ ಏನೂ ಆಗುವುದಿಲ್ಲ. ಎಡ ಎಳೆ, ಬಲ ಎಳೆ ಎರಡನ್ನೂ ಅಳೆದು ನೋಡಿ. ಎರಡೂ ಕಾಲು ಓಮ್ ಆಸುಪಾಸಿನಲ್ಲೇ ಇದ್ದರೆ ಆ ವೈರು ಇರಲಿ. ಒಂದು ಎಳೆ ಜಾಸ್ತಿ ತೋರಿಸಿದರೆ, ಅದರ ಬೆಸುಗೆ ಹೊಸದು ಮಾಡಿದ ಮೇಲೂ ಇಳಿಯದಿದ್ದರೆ, ಪ್ಲಗ್ ಕಡೆಯಿಂದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ಒಳಗೆ ನೋಡಿ. ಎಳೆಗಳು ಕಪ್ಪಾಗಿ ಬೆರಳಲ್ಲಿ ಪುಡಿಯಾಗುತ್ತಿದ್ದರೆ ಇನ್ನಷ್ಟು ಕತ್ತರಿಸಿ. ಒಂದು ಗೇಣು ಹೋದರೂ ಹೊಳೆಯುವ ತಾಮ್ರ ಸಿಗಲಿಲ್ಲ ಅಂದರೆ ಆಗ ಹೊಸ ವೈರು ತನ್ನಿ.